ಓದುಗರ ಪ್ರಶ್ನೆ: ಪುಡಿಯಿಂದ ಮಾತ್ರೆಯವರೆಗೆ, ಔಷಧ ತಯಾರಿಕೆಯ ಎಂಜಿನಿಯರಿಂಗ್

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಫಾರ್ಮಸಿ ಮತ್ತು ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳವು. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ತೊಂದರೆ ಒಂದು ಯಂತ್ರದಲ್ಲಿ ಕಾಣಿಸಿಕೊಂಡರೂ ಅದರ ಬೇರು ಹಿಂದಿನ ಯಂತ್ರದಲ್ಲಿರುವ ಪ್ರಸಂಗಗಳೇ ಇವುಗಳಲ್ಲಿ ಹೆಚ್ಚು.

ಪ್ರ: ಪ್ರಾಯೋಗಿಕ ತರಗತಿಯಲ್ಲಿ ಪ್ಯಾರಾಸಿಟಮಾಲ್ ಮಾತ್ರೆ ಒತ್ತಿದೆವು. ಡೈಯಿಂದ (ಪುಡಿ ತುಂಬಿ ಒತ್ತುವ ಅಚ್ಚು) ಹೊರಬಂದ ಕೂಡಲೇ ಮೇಲಿನ ಭಾಗ ಕಳಚಿ ಬೀಳುತ್ತಿತ್ತು. ಒತ್ತಡ ಹೆಚ್ಚಿಸಿದಷ್ಟೂ ಇನ್ನಷ್ಟು ಕಳಚಿತು. ಒತ್ತಡ ಜಾಸ್ತಿಯಾದರೆ ಮಾತ್ರೆ ಗಟ್ಟಿಯಾಗಬೇಕಲ್ಲವೇ?

ಉ: ಒಂದು ಮಟ್ಟದವರೆಗೆ ಮಾತ್ರ. ಒತ್ತಿದಾಗ ಕಣಗಳು ಎರಡು ಬಗೆಯಲ್ಲಿ ರೂಪ ಬದಲಿಸುತ್ತವೆ. ಕೆಲವು ಶಾಶ್ವತವಾಗಿ ಚಪ್ಪಟೆಯಾಗುತ್ತವೆ ಅಥವಾ ಒಡೆಯುತ್ತವೆ. ಅಲ್ಲೇ ಬಂಧ ಹುಟ್ಟುವುದು. ಇನ್ನು ಕೆಲವು ರಬ್ಬರಿನಂತೆ ಕುಗ್ಗಿ, ಒತ್ತಡ ಬಿಟ್ಟಾಗ ಹಿಂದಕ್ಕೆ ಹಿಗ್ಗುತ್ತವೆ. ಪ್ಯಾರಾಸಿಟಮಾಲ್ ಹರಳು ಈ ಎರಡನೆಯ ಗುಂಪಿಗೆ ಹೆಸರುವಾಸಿ. ಒತ್ತಡ ಏರಿಸಿದಾಗ ಬಂಧ ಸ್ವಲ್ಪ ಹೆಚ್ಚುತ್ತದೆ, ಹಿಗ್ಗುವ ಬಲ ಅದಕ್ಕಿಂತ ಹೆಚ್ಚು ಏರುತ್ತದೆ. ಕೆಳ ಪಂಚ್ (ಡೈಯೊಳಗೆ ಪುಡಿಯನ್ನು ಒತ್ತುವ ಕಂಬಿ) ಮಾತ್ರೆಯನ್ನು ಮೇಲಕ್ಕೆ ತಳ್ಳುವಾಗ ಮೇಲ್ಭಾಗ ಡೈ ಬಾಯಿ ದಾಟಿ ಹಿಗ್ಗಲು ಶುರುವಾಗುತ್ತದೆ, ಕೆಳಭಾಗ ಇನ್ನೂ ಡೈ ಗೋಡೆಯ ಹಿಡಿತದಲ್ಲೇ ಇರುತ್ತದೆ. ಆ ಎರಡರ ಗಡಿಯಲ್ಲಿ ಬಿರುಕು ಬಿಡುತ್ತದೆ. ಇದೇ ಕ್ಯಾಪಿಂಗ್. ಹೆಚ್ಚು ಉಬ್ಬಿದ ಮಾತ್ರೆ ಕೊಡುವ ಆಳವಾದ ಪಂಚ್‌ಗಳಲ್ಲಿ ಇದು ಬೇಗ ಬರುತ್ತದೆ.

ಜೊತೆಗೆ ಗಾಳಿ. ನುಣ್ಣನೆಯ ಪುಡಿ ಹೆಚ್ಚಿದ್ದರೆ ಕಣಗಳ ನಡುವಿನ ಗಾಳಿ ಒತ್ತುವ ಕ್ಷಣದಲ್ಲಿ ಹೊರಗೆ ಹೋಗಲಾಗದೆ ಒಳಗೇ ಸಿಕ್ಕಿಬೀಳುತ್ತದೆ.

ಹುಡುಕಬೇಕಾದ ಕ್ರಮ ಹೀಗಿರಲಿ. ಮೊದಲು ಗ್ರ್ಯಾನ್ಯೂಲ್‌ನ, ಅಂದರೆ ಪುಡಿಯನ್ನು ಅಂಟಿಸಿ ಕಟ್ಟಿದ ಸಣ್ಣ ಕಾಳಿನ, ತೇವಾಂಶ ನೋಡಿ. ಸಾಮಾನ್ಯವಾಗಿ ಶೇ 1ರಿಂದ 3ರೊಳಗೆ ಇರಬೇಕಾದದ್ದು ಅದಕ್ಕಿಂತ ಕೆಳಗೆ ಇಳಿದಿದ್ದರೆ ಅಪರಾಧಿ ಒತ್ತುವ ಯಂತ್ರವಲ್ಲ, ಡ್ರೈಯರ್. ಆಮೇಲೆ 100 ಮೆಶ್ ಜರಡಿಯಲ್ಲಿ, ಅಂದರೆ 150 ಮೈಕ್ರಾನ್ ಕಣ್ಣಿನದರಲ್ಲಿ, ಎಷ್ಟು ಪುಡಿ ಉದುರುತ್ತದೆ ನೋಡಿ. ಮೂರನೆಯದು ಬೈಂಡರ್, ಅಂದರೆ ಪುಡಿಯನ್ನು ಕಟ್ಟುವ ಅಂಟು: ಪೋವಿಡೋನ್ ಆದರೆ ಶೇ 2ರಿಂದ 5 ವಾಡಿಕೆ. ಇವೆಲ್ಲ ಸರಿಯಿದ್ದರೆ ಒತ್ತಡ ಅಷ್ಟೇ ಇಟ್ಟು ಟರೆಟ್‌ನ (ಡೈ, ಪಂಚ್‌ಗಳನ್ನು ಹೊತ್ತು ಸುತ್ತುವ ಚಕ್ರ) ವೇಗವನ್ನು ಅರ್ಧಕ್ಕೆ ಇಳಿಸಿ. ಕಳಚುವುದು ಕಡಿಮೆಯಾದರೆ ಗಾಳಿಗೆ ಮತ್ತು ಬಂಧಕ್ಕೆ ಸಮಯ ಸಾಲುತ್ತಿರಲಿಲ್ಲ ಎಂದರ್ಥ. ಪ್ರಿ-ಕಂಪ್ರೆಷನ್ ರೋಲರ್ (ಮುಖ್ಯ ಒತ್ತುವಿಕೆಗೆ ಮೊದಲು ಹಗುರವಾಗಿ ಒತ್ತುವ ಉರುಳೆ) ಇದ್ದರೆ ಅದನ್ನು ಬಳಸಿ ವೇಗವನ್ನು ಮತ್ತೆ ಏರಿಸಬಹುದು. ವೇಗ ಇಳಿಸಿದರೂ ಬದಲಾಗದಿದ್ದರೆ ಫಾರ್ಮುಲಾದಲ್ಲೇ ಬಂಧ ಕಡಿಮೆ. ಹಳೆಯ ಯಂತ್ರವಾಗಿದ್ದರೆ ಡೈ ಒಳಗೆ ಬೆರಳಾಡಿಸಿ: ಮಾತ್ರೆ ಒತ್ತುವ ಜಾಗದಲ್ಲಿ ಬಳೆಯಂತೆ ಸವೆದಿರುತ್ತದೆ. ಆ ಕಿರಿದಾದ ಅಂಚನ್ನು ದಾಟಿ ಬರುವಾಗ ಮಾತ್ರೆ ಸೀಳುತ್ತದೆ. ಡೈಯನ್ನು ತಲೆಕೆಳಗು ಮಾಡಿ ಹಾಕಿದರೆ ಸ್ವಲ್ಪ ಕಾಲ ತಳ್ಳಬಹುದು.

ಇನ್ನೊಂದು ಮಾತು. ಫ್ರಯಬಿಲಿಟಿ ಪರೀಕ್ಷೆಯಲ್ಲಿ (ಡ್ರಮ್ಮಿನಲ್ಲಿ ಉರುಳಿಸಿದಾಗ ಮಾತ್ರೆ ಎಷ್ಟು ಸವೆಯುತ್ತದೆ ಎಂದು ನೋಡುವುದು) ನಿಮಿಷಕ್ಕೆ 25ರಂತೆ 100 ಸುತ್ತು ಆದ ಮೇಲೆ ತೂಕ ಶೇ 1ಕ್ಕಿಂತ ಕಡಿಮೆ ಇಳಿದಿದೆ ಎಂದು ಸಮಾಧಾನಪಡಬೇಡಿ. ಒಂದೇ ಒಂದು ಮಾತ್ರೆ ಸೀಳಿದ್ದರೂ, ಟೋಪಿ ಬಿಟ್ಟಿದ್ದರೂ ಆ ಮಾದರಿ ಫೇಲ್.

ಪ್ರ: 100 ಕೆ.ಜಿ. ಒದ್ದೆ ಗ್ರ್ಯಾನ್ಯೂಲ್‌ನಲ್ಲಿ ಶೇ 25 ನೀರಿದೆ. ಅದನ್ನು ಶೇ 2ಕ್ಕೆ ಇಳಿಸಲು ಎಷ್ಟು ನೀರು ತೆಗೆಯಬೇಕು? ನನಗೆ 23 ಕೆ.ಜಿ. ಬಂತು, ಉತ್ತರ 23.47 ಎಂದಿದೆ.

ಉ: 23 ಬರುವುದು ಶೇಕಡಾವಾರನ್ನು ನೇರವಾಗಿ ಕಳೆದಾಗ. ಆದರೆ ಎರಡು ಶೇಕಡಾವಾರುಗಳ ತಳಹದಿ ಬೇರೆ ಬೇರೆ: ಮೊದಲನೆಯದು 100 ಕೆ.ಜಿ.ಯ ಮೇಲೆ, ಎರಡನೆಯದು ಒಣಗಿದ ನಂತರ ಉಳಿಯುವ ತೂಕದ ಮೇಲೆ. ಬದಲಾಗದೆ ಉಳಿಯುವುದು ಒಣ ಘನ ಮಾತ್ರ, 75 ಕೆ.ಜಿ. ಕೊನೆಯಲ್ಲಿ ಅದು ಒಟ್ಟು ತೂಕದ ಶೇ 98 ಆಗಬೇಕು. 75ನ್ನು 0.98ರಿಂದ ಭಾಗಿಸಿದರೆ 76.53 ಕೆ.ಜಿ. ಅಂದರೆ ಹೋದ ನೀರು 23.47 ಕೆ.ಜಿ.

ಇದಕ್ಕೆ ಬೇಕಾಗುವ ಶಾಖವನ್ನೂ ಲೆಕ್ಕ ಹಾಕಿಬಿಡಿ, ಪರೀಕ್ಷೆಯಲ್ಲಿ ಮುಂದಿನ ಪ್ರಶ್ನೆ ಅದೇ. 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. ಒಟ್ಟು 56,300 ಕಿಲೋಜೂಲ್, ಅಂದರೆ 15.6 ಯೂನಿಟ್ ವಿದ್ಯುತ್ತಿನಷ್ಟು. ನಿಜವಾದ ಡ್ರೈಯರ್ ಇದಕ್ಕಿಂತ ಹೆಚ್ಚು ತಿನ್ನುತ್ತದೆ, ಏಕೆಂದರೆ ಬಿಸಿಗಾಳಿಯ ಒಂದು ಪಾಲು ಹಾಗೆಯೇ ಹೊರಗೆ ಹೋಗುತ್ತದೆ.

ಪ್ರ: ಫ್ಲೂಯಿಡ್ ಬೆಡ್ ಡ್ರೈಯರ್‌ನಲ್ಲಿ (ಕೆಳಗಿನಿಂದ ಬಿಸಿಗಾಳಿ ಊದಿ ಗ್ರ್ಯಾನ್ಯೂಲ್‌ಗಳನ್ನು ತೇಲಿಸಿ ಒಣಗಿಸುವ ಯಂತ್ರ) ಒಳಬರುವ ಗಾಳಿ 60 ಡಿಗ್ರಿ ಇದ್ದರೂ ಗ್ರ್ಯಾನ್ಯೂಲ್ ತಣ್ಣಗೇ ಇರುತ್ತದೆ. ಗಾಳಿಯನ್ನು ಇನ್ನೂ ಬಿಸಿ ಮಾಡಿದರೆ ಬೇಗ ಮುಗಿಯುವುದಿಲ್ಲವೇ?

ಉ: ತಣ್ಣಗಿದೆ ಎಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ. ಕಣದ ಮೇಲ್ಮೈಯಲ್ಲಿ ಬಿಡಿ ನೀರು ಇರುವತನಕ ಬಂದ ಶಾಖವೆಲ್ಲ ಆವಿಯಾಗುವುದಕ್ಕೇ ಖರ್ಚಾಗುತ್ತದೆ. ಬೆಡ್ ಉಷ್ಣತೆ ಗಾಳಿಯ ವೆಟ್-ಬಲ್ಬ್ ಉಷ್ಣತೆಯ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವುದು) ಹತ್ತಿರ ನಿಂತಿರುತ್ತದೆ. ಒಣಗುವ ವೇಗ ಒಂದೇ ಸಮನಿರುವ ಹಂತ ಇದು. ಬೆಡ್ ಉಷ್ಣತೆ ಮೇಲೇರಲು ಶುರುವಾದ ಕ್ಷಣವನ್ನು ಗುರುತಿಸಿಕೊಳ್ಳಿ: ಮೇಲ್ಮೈ ನೀರು ಮುಗಿಯಿತು, ಇನ್ನು ಒಳಗಿನ ನೀರು ಸಣ್ಣ ರಂಧ್ರಗಳ ಮೂಲಕ ಹೊರಗೆ ಬರಬೇಕು, ವೇಗ ಇಳಿಯುತ್ತದೆ. ಅನುಭವಿ ಆಪರೇಟರ್ ಗಡಿಯಾರ ನೋಡುವುದಿಲ್ಲ, ಈ ಏರಿಕೆಯನ್ನು ನೋಡುತ್ತಾನೆ.

ಶುರುವಿನಲ್ಲೇ ಗಾಳಿಯನ್ನು ತುಂಬ ಬಿಸಿ ಮಾಡಿದರೆ ಹೊರಪದರ ಬೇಗ ಒಣಗಿ ಬೈಂಡರ್ ಅಲ್ಲಿ ಚಿಪ್ಪು ಕಟ್ಟುತ್ತದೆ. ಒಳಗಿನ ನೀರು ಅಲ್ಲೇ ಉಳಿಯುತ್ತದೆ. ಮೇಲಿನಿಂದ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಜರಡಿಯ ಮೇಲೆ ಒಡೆದಾಗ ಒಳಗಿನ ತೇವ ಹೊರಗೆ ಬಂದು ಒತ್ತುವಾಗ ಪಂಚ್ ಮುಖಕ್ಕೆ ಪುಡಿ ಅಂಟುತ್ತದೆ. ಹಾಗಾಗಿ ತೇವಾಂಶದ ಮಾದರಿಯನ್ನು ಇಡೀ ಗ್ರ್ಯಾನ್ಯೂಲ್‌ನಿಂದಲ್ಲ, ಪುಡಿ ಮಾಡಿ ತೆಗೆದುಕೊಳ್ಳಿ.

ಲ್ಯಾಕ್ಟೋಸ್ ಮಾನೋಹೈಡ್ರೇಟ್ ಇರುವ ಫಾರ್ಮುಲಾದಲ್ಲಿ ಒಂದು ಗೊಂದಲ ಯಾವಾಗಲೂ ಬರುತ್ತದೆ. 105 ಡಿಗ್ರಿಯಲ್ಲಿ ತೂಕ ಇಳಿಕೆ ನೋಡಿದರೆ ಕಡಿಮೆ ತೇವಾಂಶ, ನೀರನ್ನು ರಾಸಾಯನಿಕವಾಗಿ ಅಳೆಯುವ ಕಾರ್ಲ್ ಫಿಷರ್ ಟೈಟ್ರೇಷನ್‌ನಲ್ಲಿ ಹೆಚ್ಚು. ಎರಡೂ ಸರಿಯೇ. ಆ ಲ್ಯಾಕ್ಟೋಸ್ ಹರಳಿನಲ್ಲೇ ಶೇ 5ರಷ್ಟು ನೀರು ಕಟ್ಟಿಕೊಂಡಿದೆ. ಓವನ್ ಅದನ್ನು ಅಷ್ಟಾಗಿ ಬಿಡಿಸುವುದಿಲ್ಲ, ಕಾರ್ಲ್ ಫಿಷರ್ ಬಿಡುವುದಿಲ್ಲ.

ಪ್ರ: 100 ಮಿ.ಗ್ರಾಂ. ಮಾತ್ರೆಯಲ್ಲಿ ಔಷಧ 1 ಮಿ.ಗ್ರಾಂ. ಮಾತ್ರ. ಬ್ಲೆಂಡರ್ ಅನ್ನು ಎಷ್ಟು ಹೊತ್ತು ತಿರುಗಿಸಿದರೂ ಮಾತ್ರೆಯಿಂದ ಮಾತ್ರೆಗೆ ಔಷಧದ ಪ್ರಮಾಣ ಏರುಪೇರು. ಇನ್ನೆಷ್ಟು ಹೊತ್ತು ಕಲಸಬೇಕು?

ಉ: ಹೊತ್ತು ಹೆಚ್ಚಿಸಿ ಉಪಯೋಗವಿಲ್ಲ. ಪರಿಪೂರ್ಣವಾಗಿ ಕಲಸಿದರೂ ಯಾದೃಚ್ಛಿಕ ಏರುಪೇರು ಉಳಿದೇ ಉಳಿಯುತ್ತದೆ, ಅದರ ಗಾತ್ರವನ್ನು ನಿರ್ಧರಿಸುವುದು ಒಂದು ಮಾತ್ರೆಯಲ್ಲಿರುವ ಕಣಗಳ ಸಂಖ್ಯೆ. ಔಷಧದ ಪಾಲು ಪಿ, ಮಾತ್ರೆಯಲ್ಲಿನ ಒಟ್ಟು ಕಣ ಎನ್ ಎಂದುಕೊಳ್ಳಿ. ಸಾಪೇಕ್ಷ ವಿಚಲನೆ ಎಂದರೆ, ಒಂದರಿಂದ ಪಿ ಕಳೆದದ್ದನ್ನು ಪಿ ಮತ್ತು ಎನ್‌ಗಳ ಗುಣಲಬ್ಧದಿಂದ ಭಾಗಿಸಿ ತೆಗೆದ ವರ್ಗಮೂಲ.

ನಿಮ್ಮ ಮಾತ್ರೆಗೆ ಹಾಕಿ ನೋಡೋಣ. ಪಿ 0.01. ಎಲ್ಲ ಕಣಗಳೂ ಒಂದೇ ಗಾತ್ರ, ಸಾಂದ್ರತೆ ಘನ ಸೆಂ.ಮೀ.ಗೆ 1.5 ಗ್ರಾಂ ಎಂದು ಇಟ್ಟುಕೊಂಡರೆ, 100 ಮೈಕ್ರಾನ್ ಕಣಗಳಾದರೆ ಮಾತ್ರೆಯಲ್ಲಿ ಸುಮಾರು 1,27,000 ಕಣ. ವಿಚಲನೆ ಶೇ 2.8. ಕಣ 50 ಮೈಕ್ರಾನ್ ಆದರೆ ಸಂಖ್ಯೆ 8 ಪಟ್ಟು, ಸುಮಾರು 10 ಲಕ್ಷ. ವಿಚಲನೆ ಶೇ 1ಕ್ಕೆ ಬರುತ್ತದೆ. ಬ್ಲೆಂಡರ್ ಮಾಡಲಾಗದ ಕೆಲಸವನ್ನು ಗಿರಣಿ ಮಾಡುತ್ತದೆ ಎಂದಂತಾಯಿತು. ಔಷಧವನ್ನು ಮೊದಲು ಜೆಟ್ ಮಿಲ್‌ನಲ್ಲಿ ನುಣ್ಣಗೆ ಮಾಡಿ. ಇದರಲ್ಲಿ ಕಣಗಳು ಅತಿವೇಗದ ಗಾಳಿಯಲ್ಲಿ ಒಂದಕ್ಕೊಂದು ಡಿಕ್ಕಿಯಾಗಿ ಒಡೆಯುತ್ತವೆ, ಹಿಗ್ಗುವ ಗಾಳಿ ತಂಪಾಗುವುದರಿಂದ ಶಾಖಕ್ಕೆ ಹೆದರುವ ಔಷಧಕ್ಕೂ ಒಗ್ಗುತ್ತದೆ.

ಆದರೆ ನುಣ್ಣನೆಯ ಪುಡಿ ಗುಂಪುಗೂಡುತ್ತದೆ. ಒಂದು ಗಂಟು ಉಳಿದರೂ ಆ ಮಾತ್ರೆಗೆ ಎರಡು ಪಟ್ಟು ಔಷಧ. ಆದ್ದರಿಂದ ಔಷಧವನ್ನು ಅಷ್ಟೇ ಪ್ರಮಾಣದ ಲ್ಯಾಕ್ಟೋಸ್ ಜೊತೆ ಸೇರಿಸಿ ಜರಡಿ ಹಿಡಿಯಿರಿ, ಆ ಮಿಶ್ರಣಕ್ಕೆ ಮತ್ತೆ ಅಷ್ಟೇ ಪ್ರಮಾಣ ಸೇರಿಸಿ, ಹೀಗೆ ಇಮ್ಮಡಿಸುತ್ತಾ ಹೋಗಿ. ಬ್ಲೆಂಡರ್ ತುಂಬುವಾಗ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿ. ಮುಕ್ಕಾಲು ದಾಟಿದರೆ ಪುಡಿಗೆ ಉರುಳಲು ಜಾಗವಿರುವುದಿಲ್ಲ. ಇನ್ನು, ಬ್ಲೆಂಡರ್‌ನಲ್ಲಿ ತೆಗೆದ ಮಾದರಿಗಳೆಲ್ಲ ಸರಿಯಿದ್ದು ಮಾತ್ರೆಯಲ್ಲಿ ಮಾತ್ರ ಏರುಪೇರಾದರೆ, ಬ್ಲೆಂಡರ್‌ನಿಂದ ಹಾಪರ್‌ಗೆ (ಒತ್ತುವ ಯಂತ್ರಕ್ಕೆ ಪುಡಿ ಉಣಿಸುವ ತೊಟ್ಟಿ) ಸುರಿಯುವ ದಾರಿಯಲ್ಲಿ ಪುಡಿ ಬೇರ್ಪಡುತ್ತಿದೆ. ಬ್ಯಾಚ್‌ನ ಆರಂಭದ ಮತ್ತು ಕೊನೆಯ ಮಾತ್ರೆಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದರೆ ಗೊತ್ತಾಗುತ್ತದೆ.

ಪ್ರ: ಮೆಗ್ನೀಸಿಯಂ ಸ್ಟಿಯರೇಟ್ ಅನ್ನು ಕೊನೆಯಲ್ಲೇ ಯಾಕೆ ಸೇರಿಸಬೇಕು? ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಕೆಲಸ ಕಡಿಮೆಯಲ್ಲವೇ?

ಉ: ಅದು ಬೇರೆ ಪುಡಿಗಳಂತೆ ಬರೀ ಬೆರೆಯುವುದಿಲ್ಲ. ಪದರಪದರವಾಗಿ ಬಿಚ್ಚಿಕೊಂಡು ಗ್ರ್ಯಾನ್ಯೂಲ್‌ಗಳಿಗೆ ಲೇಪವಾಗುತ್ತದೆ. ಡೈ ಗೋಡೆಗೆ ಘರ್ಷಣೆ ಕಡಿಮೆ ಮಾಡಲು ತೆಳು ಲೇಪ ಸಾಕು. ಕಲಸುತ್ತಾ ಹೋದರೆ ಕಣಗಳ ಇಡೀ ಮೈ ಮುಚ್ಚಿ ಬಂಧ ಕೂಡಲು ಜಾಗವೇ ಉಳಿಯುವುದಿಲ್ಲ. ಮಾತ್ರೆ ಮೆತ್ತಗಾಗುತ್ತದೆ, ನೀರನ್ನು ದೂರ ತಳ್ಳುವ ಲೇಪವಾದ್ದರಿಂದ ಔಷಧ ಕರಗುವುದೂ ನಿಧಾನ. ಶೇ 0.25ರಿಂದ 1, 60 ಮೆಶ್ ಜರಡಿ ಹಿಡಿದು, 3ರಿಂದ 5 ನಿಮಿಷ. ಸೂಕ್ಷ್ಮ ಹರಳಿನ ಸೆಲ್ಯುಲೋಸ್‌ನಂಥ ಮೆತ್ತಗೆ ಚಪ್ಪಟೆಯಾಗುವ ವಸ್ತುವಿಗೆ ಈ ಪೆಟ್ಟು ಜೋರು. ಡೈಕ್ಯಾಲ್ಸಿಯಂ ಫಾಸ್ಫೇಟ್ ಒತ್ತಿದಾಗ ಒಡೆದು ಹೊಸ ಮೇಲ್ಮೈ ತೆರೆಯುತ್ತದೆ, ಹಾಗಾಗಿ ಅದು ತಡೆದುಕೊಳ್ಳುತ್ತದೆ. ದೊಡ್ಡ ಬ್ಲೆಂಡರ್‌ಗೆ ಹೋದಾಗ ಲ್ಯಾಬಿನ ನಿಮಿಷಗಳನ್ನು ಹಾಗೆಯೇ ಒಯ್ಯಬೇಡಿ, ಸುತ್ತುಗಳನ್ನು ಎಣಿಸಿ. ಪುಡಿಯ ಭಾರವೇ ಅಲ್ಲಿ ಹೆಚ್ಚು ಉಜ್ಜುತ್ತದೆ.

ಪ್ರ: ಪುಡಿಯ ಆಂಗಲ್ ಆಫ್ ರಿಪೋಸ್ (ಸುರಿದ ರಾಶಿಯ ಇಳಿಜಾರಿನ ಕೋನ) 34 ಡಿಗ್ರಿ ಬಂತು, ಚೆನ್ನಾಗಿ ಹರಿಯುತ್ತದೆ ಅನ್ನಿಸಿತು. ಆದರೆ ಕಾರ್ ಇಂಡೆಕ್ಸ್ (ತಟ್ಟಿದಾಗ ಪುಡಿ ಎಷ್ಟು ಕುಗ್ಗುತ್ತದೆ ಎಂಬ ಅಳತೆ) 30. ಯಾವುದನ್ನು ನಂಬಲಿ?

ಉ: ಅಲ್ಲಾಡಿಸದೆ ತುಂಬಿದಾಗ ಸಾಂದ್ರತೆ 0.42, ತಟ್ಟಿದ ಮೇಲೆ 0.60 ಎಂದು ಬರೆದಿದ್ದೀರಿ. ವ್ಯತ್ಯಾಸವನ್ನು ತಟ್ಟಿದ ಸಾಂದ್ರತೆಯಿಂದ ಭಾಗಿಸಿದರೆ ಶೇ 30, ಲೆಕ್ಕ ಸರಿ. ಹೌಸ್ನರ್ ಅನುಪಾತ, ಅಂದರೆ ತಟ್ಟಿದ ಸಾಂದ್ರತೆಯನ್ನು ತಟ್ಟದ್ದರಿಂದ ಭಾಗಿಸಿದ್ದು, 1.43. ಶೇ 26ರಿಂದ 31ರವರೆಗಿನದು ಕಳಪೆ ಹರಿವಿನ ವರ್ಗ. ಹಾಪರ್‌ನಲ್ಲಿ ಯಂತ್ರದ ಕಂಪನದಿಂದ ಪುಡಿ ತಟ್ಟಿಸಿಕೊಂಡೇ ಇರುವುದರಿಂದ ನಾನಾದರೆ ಕಾರ್ ಇಂಡೆಕ್ಸ್‌ನ ಮಾತನ್ನು ಕೇಳುತ್ತೇನೆ. ರಾಶಿಯ ಕೋನ ಫನೆಲ್‌ನ ಎತ್ತರಕ್ಕೆ, ತಳದ ನಯಕ್ಕೆ ತಕ್ಕಂತೆ ಬದಲಾಗುತ್ತದೆ. ಶೇ 0.1ರಿಂದ 0.5 ಕೊಲಾಯ್ಡಲ್ ಸಿಲಿಕಾ ಸೇರಿಸಿ ನೋಡಿ, ಅತಿಯಾದರೆ ಹರಿವು ಮತ್ತೆ ಕೆಡುತ್ತದೆ. ಕೊನೆಯ ತೀರ್ಪು 20 ಮಾತ್ರೆಗಳ ತೂಕದ್ದು: ಭಾರತೀಯ ಫಾರ್ಮಕೋಪಿಯಾ ಪ್ರಕಾರ 250 ಮಿ.ಗ್ರಾಂ. ಮತ್ತು ಮೇಲ್ಪಟ್ಟ ಮಾತ್ರೆಗೆ ಸರಾಸರಿಯಿಂದ ಶೇ 5ರ ಆಚೆ ಎರಡಕ್ಕಿಂತ ಹೆಚ್ಚು ಹೋಗಬಾರದು, ಶೇ 10ರ ಆಚೆ ಒಂದೂ ಹೋಗಬಾರದು.

ಪ್ರ: ಬಾಲ್ ಮಿಲ್ (ಒಳಗೆ ಗುಂಡುಗಳಿರುವ, ಸುತ್ತುವ ಪಾತ್ರೆಯ ಗಿರಣಿ) ಜೋರಾಗಿ ತಿರುಗಿದಷ್ಟೂ ಹೆಚ್ಚು ಪುಡಿಯಾಗಬೇಕು. ನಮ್ಮದು ಪುಡಿಯೇ ಮಾಡಲಿಲ್ಲ.

ಉ: ಕ್ರಿಟಿಕಲ್ ವೇಗ ದಾಟಿದ್ದೀರಿ. ಗುಂಡುಗಳು ಕೇಂದ್ರಾಪಗಾಮಿ ಬಲದಿಂದ ಗೋಡೆಗೆ ಅಂಟಿಕೊಂಡು ಅದರ ಜೊತೆಗೇ ಸುತ್ತುತ್ತಿವೆ, ಬೀಳುತ್ತಿಲ್ಲ. ಪಾತ್ರೆಯ ವ್ಯಾಸದಿಂದ ಗುಂಡಿನ ವ್ಯಾಸ ಕಳೆದು, ಮೀಟರಿನಲ್ಲಿ ಬಂದ ಸಂಖ್ಯೆಯ ವರ್ಗಮೂಲದಿಂದ 42.3ನ್ನು ಭಾಗಿಸಿ. 50 ಸೆಂ.ಮೀ. ಪಾತ್ರೆ, 2.5 ಸೆಂ.ಮೀ. ಗುಂಡು ಆದರೆ ನಿಮಿಷಕ್ಕೆ 61 ಸುತ್ತು. ಅದರ ಶೇ 60ರಿಂದ 75, ಅಂದರೆ 37ರಿಂದ 46ರ ನಡುವೆ ಓಡಿಸಿ. ಒಳಗಿನಿಂದ ಗುಂಡು ಉರುಳಿ ಬೀಳುವ ಸದ್ದು ಕೇಳಬೇಕು.

ಪ್ರ: 10 ಲೀಟರ್ ರ್‍ಯಾಪಿಡ್ ಮಿಕ್ಸರ್ ಗ್ರ್ಯಾನ್ಯುಲೇಟರ್‌ನಲ್ಲಿ (ಪುಡಿಗೆ ಬೈಂಡರ್ ದ್ರಾವಣ ಕಲಸಿ ಗ್ರ್ಯಾನ್ಯೂಲ್ ಕಟ್ಟುವ ಯಂತ್ರ) ಇಂಪೆಲ್ಲರ್, ಅಂದರೆ ಕಲಸುವ ರೆಕ್ಕೆ, ನಿಮಿಷಕ್ಕೆ 300 ಸುತ್ತು, ಒಳ್ಳೆಯ ಗ್ರ್ಯಾನ್ಯೂಲ್ ಬಂತು. 270 ಲೀಟರಿನದಕ್ಕೆ ಎಷ್ಟು ಸುತ್ತು ಇಡಬೇಕು? ಮೂರು ಕಡೆ ಮೂರು ಉತ್ತರ ಸಿಕ್ಕಿತು.

ಉ: ಮೂರೂ ಸರಿಯಾಗಿರಬಹುದು! ಆಕಾರ ಒಂದೇ ಎಂದುಕೊಂಡರೆ ಗಾತ್ರ 27 ಪಟ್ಟು ಆದಾಗ ವ್ಯಾಸ 3 ಪಟ್ಟು: 0.3 ಮೀಟರ್ ಇದ್ದದ್ದು 0.9 ಮೀಟರ್. ಇನ್ನು ಯಾವುದನ್ನು ಬದಲಾಗದಂತೆ ಉಳಿಸುತ್ತೀರಿ ಅನ್ನುವುದರ ಮೇಲೆ ಉತ್ತರ.

ರೆಕ್ಕೆಯ ತುದಿಯ ವೇಗ ಉಳಿಸಿದರೆ, ಸೆಕೆಂಡಿಗೆ 4.7 ಮೀಟರ್, 100 ಸುತ್ತು ಬರುತ್ತದೆ. ಗ್ರ್ಯಾನ್ಯೂಲ್ ಮೇಲೆ ಬೀಳುವ ಹೊಡೆತ ಒಂದೇ ಮಟ್ಟದ್ದಿರಲಿ ಎನ್ನುವವರ ಲೆಕ್ಕ ಇದು. ಪ್ರತಿ ಲೀಟರಿಗೆ ಹೋಗುವ ಶಕ್ತಿ ಉಳಿಸಿದರೆ 144. ಫ್ರೌಡ್ ಸಂಖ್ಯೆ (ಸುತ್ತುವಿಕೆಯ ಬಲಕ್ಕೂ ಗುರುತ್ವಕ್ಕೂ ಇರುವ ಅನುಪಾತ) ಉಳಿಸಿದರೆ 173. ಪುಡಿ ಎಷ್ಟು ಎತ್ತರಕ್ಕೆ ಏರಿ ಮಗುಚುತ್ತದೆ ಅನ್ನುವ ವಿನ್ಯಾಸ ಇಲ್ಲಿ ಉಳಿಯುತ್ತದೆ, ಆದರೆ ತುದಿಯ ವೇಗ 8.2 ಮೀಟರಿಗೆ ಹೋಗುತ್ತದೆ. ಹಳೆಯ 300 ಸುತ್ತನ್ನೇ ಇಟ್ಟರೆ ತುದಿಯ ವೇಗ 14 ಮೀಟರ್. ಆಗ ಗ್ರ್ಯಾನ್ಯೂಲ್ ಬದಲು ಒಡೆದ ಪುಡಿ, ಇಲ್ಲವೇ ಕಲ್ಲಿನಂಥ ಉಂಡೆ. ಎಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಆಗುವುದೇ ಇಲ್ಲ, ಸ್ಕೇಲ್-ಅಪ್‌ನ ಮೂಲ ಕಷ್ಟವೇ ಇದು. 100ರಿಂದ 173ರೊಳಗೆ ಶುರು ಮಾಡಿ, ಮೋಟಾರಿನ ಶಕ್ತಿ ಅಥವಾ ಟಾರ್ಕ್ ರೇಖೆ ಏರುವ ರೀತಿಯನ್ನು ಚಿಕ್ಕ ಯಂತ್ರದ್ದರ ಜೊತೆ ಹೋಲಿಸಿ ತಿದ್ದಿ.

ಸುತ್ತಿನ ಲೆಕ್ಕದಲ್ಲಿ ಮುಳುಗಿದವರು ಮರೆಯುವುದು ನೀರನ್ನು. ಬೈಂಡರ್ ದ್ರಾವಣ 27 ಪಟ್ಟು ಬೇಕು, ಆದರೆ ಅದು ಬೀಳುವ ಮೇಲ್ಮೈ 9 ಪಟ್ಟು ಮಾತ್ರ. ಹಿಂದಿನಷ್ಟೇ ನಿಮಿಷಗಳಲ್ಲಿ ಸುರಿದರೆ ಪ್ರತಿ ಚದರ ಸೆಂ.ಮೀ. ಮೇಲೆ ಮೂರು ಪಟ್ಟು ನೀರು. ಬಿದ್ದ ಜಾಗದಲ್ಲಿ ಕೆಸರಿನಂಥ ಉಂಡೆ, ಉಳಿದ ಕಡೆ ಒಣ ಪುಡಿ. ಸೇರಿಸುವ ಅವಧಿಯನ್ನು ಹಿಗ್ಗಿಸಿ, ಅಥವಾ ನಾಜಲ್ ಸಂಖ್ಯೆ ಹೆಚ್ಚಿಸಿ. ಜ್ಯಾಕೆಟ್ ಹೊದಿಸಿದ ಪಾತ್ರೆಗೂ ಇದೇ ಪೆಟ್ಟು: ಪ್ರತಿ ಲೀಟರಿಗೆ ಸಿಗುವ ಗೋಡೆ ಮೂರನೇ ಒಂದಕ್ಕೆ ಇಳಿಯುತ್ತದೆ. ಶಾಖ ಬಿಡುವ ರಾಸಾಯನಿಕ ಕ್ರಿಯೆಯನ್ನು ಗಾಜಿನ ಫ್ಲಾಸ್ಕಿನಿಂದ ರಿಯಾಕ್ಟರ್‌ಗೆ ಒಯ್ಯುವಾಗ ಅಪಾಯ ಇರುವುದು ಇಲ್ಲೇ. ಲ್ಯಾಬಿನಲ್ಲಿ ತಾನಾಗಿ ತಣಿಯುತ್ತಿದ್ದದ್ದು ಅಲ್ಲಿ ತಣಿಯದೆ ಕೈಮೀರುತ್ತದೆ.

ಪ್ರ: ಆಟೋಕ್ಲೇವ್ ಗೇಜ್ ಚದರ ಇಂಚಿಗೆ 15 ಪೌಂಡ್ ತೋರಿಸಿತು, 15 ನಿಮಿಷ ಇಟ್ಟೆವು. ಆದರೂ ಬಯಾಲಜಿಕಲ್ ಇಂಡಿಕೇಟರ್‌ನಲ್ಲಿ (ಪರೀಕ್ಷೆಗೆಂದು ಒಳಗಿಡುವ ಬೀಜಕಗಳು) ಬೆಳವಣಿಗೆ ಕಂಡಿತು. ಇಂಡಿಕೇಟರ್ ಕೆಟ್ಟಿತ್ತೇ?

ಉ: ಇಂಡಿಕೇಟರ್ ಮೇಲೆ ಅನುಮಾನಪಡುವ ಮೊದಲು ಒಳಗೆ ಉಳಿದ ಗಾಳಿಯ ಮೇಲೆ ಅನುಮಾನಪಡಿ. ಗೇಜ್ ಅಳೆಯುವುದು ಒಟ್ಟು ಒತ್ತಡವನ್ನು. 15 ಪೌಂಡಿನಲ್ಲಿ 121 ಡಿಗ್ರಿ ಎಂಬ ಮಾತು ಶುದ್ಧ ಹಬೆಗೆ ಮಾತ್ರ ಹೊಂದುತ್ತದೆ. ಮೊದಲಿದ್ದ ಗಾಳಿಯಲ್ಲಿ ಅರ್ಧದಷ್ಟು ಒಳಗೇ ಉಳಿದಿದ್ದರೆ ಅದೇ 15 ಪೌಂಡಿನಲ್ಲಿ ಉಷ್ಣತೆ ಸುಮಾರು 112 ಡಿಗ್ರಿ.

9 ಡಿಗ್ರಿ ಕಡಿಮೆ, ಅಷ್ಟರಲ್ಲೇನು ಅನ್ನಿಸಬಹುದು. ಶಾಖ ತಡೆಯುವ ಬೀಜಕಗಳಿಗೆ ಜೆಡ್-ಮೌಲ್ಯ 10 ಡಿಗ್ರಿ ಎಂದು ಹಿಡಿಯುತ್ತೇವೆ, ಅಂದರೆ 10 ಡಿಗ್ರಿ ಇಳಿದರೆ ಕೊಲ್ಲುವ ವೇಗ ಹತ್ತನೇ ಒಂದು. 112 ಡಿಗ್ರಿಯಲ್ಲಿ ಅದು ಸುಮಾರು 0.126. ನಿಮ್ಮ 15 ನಿಮಿಷ, 121 ಡಿಗ್ರಿಯ ಲೆಕ್ಕದಲ್ಲಿ, 2 ನಿಮಿಷಕ್ಕೂ ಕಡಿಮೆ. ಇಂಡಿಕೇಟರ್‌ನಲ್ಲಿರುವುದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೊಫಿಲಸ್ ಬೀಜಕ, 10 ಲಕ್ಷ ಎಂದುಕೊಳ್ಳಿ. ಡಿ-ಮೌಲ್ಯ ಎಂದರೆ ಸಂಖ್ಯೆ ಹತ್ತನೇ ಒಂದಕ್ಕೆ ಇಳಿಯಲು ಬೇಕಾದ ಸಮಯ, ಅದು 1.5 ನಿಮಿಷ ಇದ್ದರೆ ನಿಮ್ಮ ಸೈಕಲ್ ಮುಗಿದಾಗಲೂ ಸುಮಾರು 55,000 ಬೀಜಕ ಜೀವಂತ. ಬೆಳೆಯದಿದ್ದರೇ ಆಶ್ಚರ್ಯ.

ಗಾಳಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ. ಗಾಳಿ ಹಬೆಗಿಂತ ಭಾರ, ಕೆಳಗೆ ಕೂರುತ್ತದೆ. ಖಾಲಿ ಬೀಕರ್, ಬಕೆಟ್ಟನ್ನು ನೆಟ್ಟಗೆ ಇಟ್ಟರೆ ಅದರೊಳಗಿನ ಗಾಳಿ ಅಲ್ಲೇ ನಿಲ್ಲುತ್ತದೆ. ಮಗ್ಗುಲಾಗಿ ಅಥವಾ ಬೋರಲಾಗಿ ಇಡಬೇಕು. ಬಟ್ಟೆಯ ಗಂಟನ್ನು ಬಿಗಿಯಾಗಿ ತುರುಕಬಾರದು. ಮುಚ್ಚಳ ಬಿಗಿದ ಖಾಲಿ ಒಣ ಬಾಟಲಿಯೊಳಗೆ ಹಬೆಯೇ ಹೋಗುವುದಿಲ್ಲ, ಒಳಗೆ ನಡೆಯುವುದು ಒಣ ಶಾಖ ಮಾತ್ರ, ಅದಕ್ಕೆ 121 ಡಿಗ್ರಿ ಏನೂ ಅಲ್ಲ. ಒಣ ಶಾಖಕ್ಕೆ 160 ಡಿಗ್ರಿ, 2 ಗಂಟೆ ಬೇಕು. ಎಣ್ಣೆಯಲ್ಲಿ ತಯಾರಿಸಿದ ಔಷಧಗಳಿಗೂ ಅದೇ ದಾರಿ. ನೀರಿನ ದ್ರಾವಣ ತುಂಬಿ ಮುಚ್ಚಿದ ಆಂಪೂಲ್‌ಗೆ ಈ ಚಿಂತೆ ಇಲ್ಲ, ಹಬೆ ಒಳಗೇ ಹುಟ್ಟುತ್ತದೆ. ಅಲ್ಲಿ ಬೇರೆ ಚಿಂತೆ: ದೊಡ್ಡ ಬಾಟಲಿಯ ನಡುವಿನ ದ್ರವ 121ಕ್ಕೆ ಬರಲು ಚೇಂಬರ್‌ಗಿಂತ ತಡವಾಗುತ್ತದೆ, ಹಾಗಾಗಿ 15 ನಿಮಿಷದ ಎಣಿಕೆ ಬಾಟಲಿಯೊಳಗಿನ ಥರ್ಮೋಕಪಲ್ ಹೇಳಿದ ಮೇಲೆ ಶುರು.

ಗುರುತ್ವದಿಂದ ಗಾಳಿ ಹೊರಗೆ ಹೋಗುವ ಯಂತ್ರದಲ್ಲಿ ಉಷ್ಣತೆಯನ್ನು ಕೆಳಗಿನ ಡ್ರೈನ್ ಬಳಿ ಅಳೆಯಿರಿ, ಅತಿ ತಣ್ಣನೆಯ ಜಾಗ ಅದೇ. ವ್ಯಾಕ್ಯೂಮ್ ಇರುವ ಯಂತ್ರದಲ್ಲಿ ಗಾಳಿ ಪೂರ್ತಿ ಹೋಗುತ್ತಿದೆಯೇ ಎಂದು ನೋಡಲು ಬೋವಿ-ಡಿಕ್ ಪರೀಕ್ಷೆ ಇದೆ.

ಪ್ರ: ಸ್ಟೆರೈಲ್ ಕೋಣೆಯ ಒತ್ತಡ ಹೊರಗಿಗಿಂತ ಹೆಚ್ಚಿರಬೇಕು ಎಂದು ಕಲಿತೆವು. ಮಾತ್ರೆ ವಿಭಾಗದಲ್ಲಿ ಕಾರಿಡಾರ್‌ಗಿಂತ ಕೋಣೆಯ ಒತ್ತಡ ಕಡಿಮೆ ಇತ್ತು. ತಪ್ಪಲ್ಲವೇ?

ಉ: ತಪ್ಪಲ್ಲ. ಗಾಳಿ ಯಾವುದನ್ನು ಹೊತ್ತೊಯ್ಯಬಾರದು ಎಂದು ಕೇಳಿಕೊಳ್ಳಿ. ಸ್ಟೆರೈಲ್ ಕೋಣೆಗೆ ಹೊರಗಿನ ಕಣ ಬರಬಾರದು, ಆದ್ದರಿಂದ ಒಳಗೆ 10ರಿಂದ 15 ಪ್ಯಾಸ್ಕಲ್ ಹೆಚ್ಚು. ಪುಡಿ ಹಾರುವ ಕೋಣೆಯಿಂದ ಔಷಧದ ಧೂಳು ಪಕ್ಕದ ಕೋಣೆಯ ಇನ್ನೊಂದು ಔಷಧಕ್ಕೆ ಬೆರೆಯಬಾರದು, ಆದ್ದರಿಂದ ಕಾರಿಡಾರ್ ಹೆಚ್ಚು, ಕೋಣೆ ಕಡಿಮೆ. ಬಾಗಿಲು ತೆರೆದಾಗ ಈ ವ್ಯತ್ಯಾಸ ಕ್ಷಣಮಾತ್ರದಲ್ಲಿ ಕುಸಿಯುವುದರಿಂದಲೇ ಎರಡು ಬಾಗಿಲಿನ ಏರ್‌ಲಾಕ್.

ಪ್ರ: ಫ್ರೀಜ್ ಡ್ರೈಯರ್‌ನಲ್ಲಿ (ಹೆಪ್ಪುಗಟ್ಟಿಸಿ, ಕಡಿಮೆ ಒತ್ತಡದಲ್ಲಿ ಮಂಜನ್ನು ನೇರವಾಗಿ ಆವಿಯಾಗಿಸಿ ಒಣಗಿಸುವ ಯಂತ್ರ) ಸುಕ್ರೋಸ್ ಇರುವ ದ್ರಾವಣ ಒಣಗಿಸಿದೆವು. ವಯಲ್‌ನಲ್ಲಿ ನೆಟ್ಟಗೆ ನಿಂತ ಬಿಲ್ಲೆಯ ಬದಲು ತಳದಲ್ಲಿ ಕುಗ್ಗಿದ ಮುದ್ದೆ ಸಿಕ್ಕಿತು.

ಉ: ಅವಸರ ಮಾಡಿ ಶೆಲ್ಫ್ ಬಿಸಿ ಮಾಡಿದ್ದೀರಿ. ಹೆಪ್ಪುಗಟ್ಟಿದ ಸುಕ್ರೋಸ್ ದ್ರಾವಣದಲ್ಲಿ ಮಂಜುಗಡ್ಡೆಯ ನಡುವಿನ ಸಕ್ಕರೆ ಹರಳಾಗುವುದಿಲ್ಲ, ಗಾಜಿನಂತೆ ಇರುತ್ತದೆ. ಮೈನಸ್ 32 ಡಿಗ್ರಿಯ ಆಸುಪಾಸಿನಲ್ಲಿ ಅದು ಮೆತ್ತಗಾಗುತ್ತದೆ. ಮಂಜು ಹೋದ ಮೇಲೆ ರಂಧ್ರಗಳನ್ನು ಹಿಡಿದು ನಿಲ್ಲಿಸಬೇಕಾದ ಗೋಡೆ ಇದೇ. ಮೊದಲ ಒಣಗಿಸುವ ಹಂತದುದ್ದಕ್ಕೂ ಔಷಧದ ಉಷ್ಣತೆ ಅದಕ್ಕಿಂತ ಎರಡು ಮೂರು ಡಿಗ್ರಿ ಕೆಳಗಿರಬೇಕು. ಗಮನಿಸಿ, ಔಷಧದ್ದು, ಶೆಲ್ಫಿನದಲ್ಲ. ಮಂಜು ಆವಿಯಾಗುವಾಗ ತಾನೇ ತಣಿಯುವುದರಿಂದ ಶೆಲ್ಫ್ ಹೆಚ್ಚು ಬಿಸಿಯಿದ್ದರೂ ಔಷಧ ತಣ್ಣಗಿರಬಹುದು.

ಚೇಂಬರ್ ಒತ್ತಡವನ್ನು ಆ ಉಷ್ಣತೆಯಲ್ಲಿ ಮಂಜಿನ ಆವಿ ಒತ್ತಡದ ಶೇ 20ರಿಂದ 30ರಷ್ಟು ಇಡುವುದು ರೂಢಿ. ಮೈನಸ್ 35 ಡಿಗ್ರಿಯಲ್ಲಿ ಮಂಜಿನ ಆವಿ ಒತ್ತಡ ಸುಮಾರು 0.22 ಮಿಲಿಬಾರ್, ಹಾಗಾಗಿ 0.05ರಿಂದ 0.07 ಮಿಲಿಬಾರ್. ಮೊದಲ ಹಂತ ಮುಗಿಯಿತೆಂದು ಹೇಗೆ ತಿಳಿಯುವುದು? ಪಿರಾನಿ ಗೇಜ್ ನೀರಾವಿ ಇರುವಾಗ ನಿಜಕ್ಕಿಂತ ಸುಮಾರು 1.6 ಪಟ್ಟು ಹೆಚ್ಚು ತೋರಿಸುತ್ತದೆ, ಕೆಪ್ಯಾಸಿಟೆನ್ಸ್ ಗೇಜ್ ನಿಜವನ್ನೇ ತೋರಿಸುತ್ತದೆ. ಎರಡರ ರೇಖೆಗಳು ಒಂದಾದಾಗ ಚೇಂಬರ್‌ನಲ್ಲಿ ಆವಿ ಉಳಿದಿಲ್ಲ. ಅಲ್ಲಿಯವರೆಗೆ ಕಾಯದೆ ಉಷ್ಣತೆ ಏರಿಸಿದರೆ ಉಳಿದ ಮಂಜು ಕರಗಿ ಬಿಲ್ಲೆಯ ತಳವನ್ನು ಕರಗಿಸುತ್ತದೆ.

ಪ್ರ: ಶುದ್ಧ ನೀರಿನ ಪೈಪಿನಲ್ಲಿ "ಡೆಡ್ ಲೆಗ್" (ನೀರು ಹರಿಯದೆ ನಿಲ್ಲುವ ಕವಲು) ಬಗ್ಗೆ ಯಾಕೆ ಅಷ್ಟು ಗಲಾಟೆ? ಕೊನೆಗೆ 0.22 ಮೈಕ್ರಾನ್ ಫಿಲ್ಟರ್ ಹಾಕಿದರೆ ಸಾಲದೇ?

ಉ: ಸಾಲದು. ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನಿಲ್ಲುತ್ತದೆ, ಸತ್ತ ಬ್ಯಾಕ್ಟೀರಿಯಾದ ಗೋಡೆಯಿಂದ ಬರುವ, ಜ್ವರ ತರಿಸುವ ಎಂಡೋಟಾಕ್ಸಿನ್ ಹಾದುಹೋಗುತ್ತದೆ. ಇಂಜೆಕ್ಷನ್ ನೀರಿಗೆ ಅದರ ಮಿತಿ ಪ್ರತಿ ಮಿಲಿಲೀಟರಿಗೆ 0.25 ಯೂನಿಟ್, ಆಟೋಕ್ಲೇವ್ ಕೂಡ ಅದನ್ನು ಹಾಳುಮಾಡದು. ಗಾಜಿನಿಂದ ಕಳೆಯಲು 250 ಡಿಗ್ರಿಯಲ್ಲಿ 30 ನಿಮಿಷ ಬೇಕು. ಆದ್ದರಿಂದ ಬೆಳೆಯಲು ಬಿಡದಿರುವುದೊಂದೇ ದಾರಿ: ನೀರು ಸೆಕೆಂಡಿಗೆ 1 ಮೀಟರ್‌ಗಿಂತ ಕಡಿಮೆಯಾಗದಂತೆ ಸುತ್ತುತ್ತಿರಲಿ, 70 ಡಿಗ್ರಿಗಿಂತ ಮೇಲಿರಲಿ, ಕವಲಿನಲ್ಲಿ ವಾಲ್ವ್‌ವರೆಗಿನ ಉದ್ದ ಆ ಕವಲಿನ ವ್ಯಾಸದ 3 ಪಟ್ಟು ಮೀರದಿರಲಿ. ಅದಕ್ಕಿಂತ ಉದ್ದವಾದರೆ ಒಳಗಿನ ನೀರು ನಿಂತು ತಣಿದು ಬಯೋಫಿಲ್ಮ್ (ಬ್ಯಾಕ್ಟೀರಿಯಾದ ಲೋಳೆ ಪದರ) ಕಟ್ಟುತ್ತದೆ.

ಪ್ರ: ಡಿಸಲ್ಯೂಷನ್ ಪರೀಕ್ಷೆಯಲ್ಲಿ (ಮಾತ್ರೆಯ ಔಷಧ ದ್ರವದಲ್ಲಿ ಎಷ್ಟು ಕರಗುತ್ತದೆ ಎಂದು ನೋಡುವುದು) ಆರು ಪಾತ್ರೆಗಳಲ್ಲಿ ಒಂದರಲ್ಲಿ ಮಾತ್ರ ಕಡಿಮೆ ಕರಗುತ್ತದೆ, ಪ್ರತಿಸಲ ಬೇರೆ ಪಾತ್ರೆ. ಮಾತ್ರೆಯ ದೋಷವೇ?

ಉ: ಪಾತ್ರೆ ಬದಲಾಗುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಮಾಧ್ಯಮದಲ್ಲಿ ಕರಗಿದ ಗಾಳಿ. 37 ಡಿಗ್ರಿಗೆ ಬಂದಾಗ ಅದು ಗುಳ್ಳೆಯಾಗಿ ಮಾತ್ರೆಗೆ ಅಂಟಿ ನೀರು ತಾಗದಂತೆ ಮುಚ್ಚುತ್ತದೆ. ಮಾಧ್ಯಮವನ್ನು 41 ಡಿಗ್ರಿಗೆ ಬಿಸಿ ಮಾಡಿ, 0.45 ಮೈಕ್ರಾನ್ ಫಿಲ್ಟರ್ ಮೂಲಕ ವ್ಯಾಕ್ಯೂಮ್‌ನಲ್ಲಿ ಸೋಸಿ, ಕಲಕುತ್ತಾ ಇನ್ನೈದು ನಿಮಿಷ ವ್ಯಾಕ್ಯೂಮ್‌ನಲ್ಲೇ ಇಡಿ. ನಂತರ ಪಾತ್ರೆಗೆ ನಿಧಾನವಾಗಿ, ಗೋಡೆಗುಂಟ ಸುರಿಯಿರಿ. ಎತ್ತರದಿಂದ ಸುರಿದರೆ ಗಾಳಿ ಮತ್ತೆ ಸೇರುತ್ತದೆ. ಪ್ಯಾಡಲ್ (ಕಲಕುವ ರೆಕ್ಕೆ) ತಳದಿಂದ 25 ಮಿ.ಮೀ. ಮೇಲಿದೆಯೇ, ಅದರ ಕೆಳಗೆ ಪುಡಿ ಗುಡ್ಡೆ ಕಟ್ಟುತ್ತಿದೆಯೇ ನೋಡಿ. 50 ಸುತ್ತಿನಲ್ಲಿ ಗುಡ್ಡೆ ಕಟ್ಟಿ 75ರಲ್ಲಿ ಕರಗಿದರೆ ತೊಂದರೆ ಔಷಧದ್ದಲ್ಲ, ಕಲಕುವಿಕೆಯದು.